ಓದುಗರ ಪ್ರಶ್ನೆಗೆ ಉತ್ತರ: ಕೊಡಗಿನ ಹುಡುಗಿಯರು ಫೂಟಿ ಆಡುವುದಾದರೆ

ಎರಡು ಮೊನೆಯ ಮೊಟ್ಟೆಯಾಕಾರದ ಚೆಂಡಿನಿಂದ ಆಡುವ ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲನ್ನು ಅಲ್ಲಿಯವರು ‘ಫೂಟಿ’ ಅನ್ನುತ್ತಾರೆ. ಹೆಣ್ಣುಮಕ್ಕಳ ಫೂಟಿ ತಂಡ ಕಟ್ಟಿ ಒಂದು ಸೀಸನ್ ಆಡುವ ಬಗ್ಗೆ ಕೊಡಗಿನಿಂದ ಬಂದ ಪತ್ರಗಳಿಗೆ ಈ ಸಲದ ಅಂಕಣ ಮೀಸಲು. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿದ್ದೇವೆ.

ಪ್ರಶ್ನೆ: ನಾವು ಹನ್ನೆರಡು ಮಂದಿ, ಎಲ್ಲರೂ ಕಾಲೇಜಿನಲ್ಲಿ ಹಾಕಿ ಆಡಿದವರು. ಮೊಬೈಲ್‌ನಲ್ಲಿ ಆಸ್ಟ್ರೇಲಿಯಾದ ಮಹಿಳಾ ಲೀಗ್ ನೋಡಿ ಆಸೆ ಹುಟ್ಟಿದೆ. ಸುತ್ತಮುತ್ತ ಇನ್ನೂ ಮೂರು ತಂಡ ಸೇರುವ ಹಾಗಿದೆ. ಅಲ್ಲಿ ಆಗಸ್ಟ್‌ನಿಂದ ನವೆಂಬರ್‌ವರೆಗೆ ಸೀಸನ್ ನಡೆಯುತ್ತದಂತೆ. ನಾವೂ ಹಾಗೇ ಮಾಡೋಣವೇ? ಇಷ್ಟೇ ಜನ ಸಾಕಾಗುತ್ತದೆಯೇ?
– ಗೋಣಿಕೊಪ್ಪಲಿನ ಓದುಗಿ

ಉತ್ತರ: ಜನ ಸಾಕು. ಮಹಿಳಾ ಲೀಗ್‌ನಲ್ಲಿ ಮೈದಾನಕ್ಕೆ 16 ಮಂದಿ ಇಳಿಯುತ್ತಾರೆ, ಬೆಂಚಿನಲ್ಲಿ 5 ಮಂದಿ. ಅದನ್ನು ಈಗ ಮರೆತುಬಿಡಿ. ಆಸ್ಟ್ರೇಲಿಯಾದಲ್ಲೇ ತಂಡಕ್ಕೆ 9 ಮಂದಿಯ ಚಿಕ್ಕ ಆಟವೊಂದಿದೆ: ಹಿಂದೆ 3, ನಡುವೆ 3, ಮುಂದೆ 3. ಅದರಲ್ಲಿ ಹಿಡಿದು ಕೆಡವುವಂತಿಲ್ಲ, ಮುಟ್ಟಿದರೆ ಸಾಕು. ಹನ್ನೆರಡು ಮಂದಿಯಲ್ಲಿ ಮೂವರು ಸರದಿಯ ಮೇಲೆ ಹೊರಗಿರಲಿ. ಹತ್ತು ನಿಮಿಷದ ನಾಲ್ಕು ಕ್ವಾರ್ಟರ್ ಇಟ್ಟುಕೊಳ್ಳಿ. ಮೊದಲ ವರ್ಷ ಇದಕ್ಕಿಂತ ಹೆಚ್ಚಿನದು ಬೇಡ.

ತಿಂಗಳ ವಿಷಯದಲ್ಲಿ ಮಾತ್ರ ಆಸ್ಟ್ರೇಲಿಯಾವನ್ನು ನಕಲು ಮಾಡಬೇಡಿ. ಅವರೇ ತಮ್ಮ ಅನುಕೂಲ ನೋಡಿ ತಿಂಗಳು ಬದಲಿಸಿದವರು. 2017ರ ಫೆಬ್ರುವರಿ 3ರಂದು ಲೀಗ್ ಶುರುವಾದಾಗ ಅದು ಅಲ್ಲಿನ ಬೇಸಿಗೆಯ ಆಟ. 2022ರಲ್ಲಿ ಒಂದೇ ವರ್ಷ ಎರಡು ಸೀಸನ್ ಆಡಿಸಿ ಆಗಸ್ಟ್‌ಗೆ ತಂದರು. ನಮ್ಮ ಆಗಸ್ಟ್‌ನಲ್ಲಿ ಮೈದಾನ ನೀರು ಕುಡಿದು ಮೆತ್ತಗಾಗಿರುತ್ತದೆ. ಒಂದು ಪಂದ್ಯ ಆಡಿದರೆ ಹುಲ್ಲು ಬೇರುಸಮೇತ ಕಿತ್ತುಬರುತ್ತದೆ, ಆಮೇಲೆ ಡಿಸೆಂಬರ್‌ವರೆಗೂ ಆ ಗುಂಡಿಗಳಲ್ಲೇ ಓಡಬೇಕು. ಮೈದಾನ ಕೊಟ್ಟ ಶಾಲೆಯವರು ಮುಂದಿನ ವರ್ಷ ಕೊಡುವುದಿಲ್ಲ, ಅದು ಇನ್ನೂ ದೊಡ್ಡ ನಷ್ಟ.

ಕೊಡಗಿಗೆ ಹೊಂದುವ ಲೆಕ್ಕ ಹೀಗಿದೆ. ಆಗಸ್ಟ್ ಪೂರ್ತಿ ಸಭಾಭವನದಲ್ಲೋ ಶಾಲೆಯ ಹಾಲ್‌ನಲ್ಲೋ ಕಾಲಿನ ಬಲ ಮತ್ತು ಹ್ಯಾಂಡ್‌ಬಾಲ್ (ಮುಷ್ಟಿಯಿಂದ ಗುದ್ದಿ ಚೆಂಡು ಕೊಡುವುದು) ಅಭ್ಯಾಸ. ಸೆಪ್ಟೆಂಬರ್ ಆರಂಭದ ಆಯುಧ ಹಬ್ಬ ಕೈಲ್‌ಪೊಳ್ದ್ ಮುಗಿದ ಮೇಲೆ ಹೊರಗೆ ಇಳಿಯಿರಿ, ಆರು ವಾರ, ವಾರಕ್ಕೆ ಎರಡು ದಿನ. ಅಕ್ಟೋಬರ್ ಮಧ್ಯದ ತುಲಾ ಸಂಕ್ರಮಣ ಕಳೆದ ಮೊದಲ ಭಾನುವಾರದಿಂದ ಪಂದ್ಯ, ನವೆಂಬರ್ ಕೊನೆಗೋ ಡಿಸೆಂಬರ್‌ಗೋ ಬರುವ ಸುಗ್ಗಿ ಹಬ್ಬ ಹುತ್ತರಿಗೆ ಮುಂಚೆ ಫೈನಲ್. ನಾಲ್ಕು ತಂಡಗಳು ತಲಾ ಎರಡು ಸಲ ಎದುರಾದರೆ ಆರು ಸುತ್ತು, ಒಟ್ಟು 12 ಪಂದ್ಯ. ಏಳನೆಯ ದಿನ ಫೈನಲ್. ಹುತ್ತರಿ ಬೇಗ ಬಂದ ವರ್ಷ ಭಾನುವಾರಗಳು ಸಾಲುವುದಿಲ್ಲ. ಆಗ ಯಾವುದಾದರೂ ಒಂದೆರಡು ಭಾನುವಾರ ಬೆಳಿಗ್ಗೆ ಒಂದು, ಊಟಕ್ಕೆ ಮುಂಚೆ ಇನ್ನೊಂದು ಎಂದು ಎರಡು ಸುತ್ತು ಮುಗಿಸಿ. ಪಾಡಿ ಇಗ್ಗುತಪ್ಪ ದೇವಸ್ಥಾನದಲ್ಲಿ ಹುತ್ತರಿಯ ದಿನ ಗೊತ್ತಾಗುವವರೆಗೆ ಫೈನಲ್‌ನ ತಾರೀಖು ಹಾಕಿ ಬ್ಯಾನರ್ ಅಚ್ಚು ಮಾಡಿಸಬೇಡಿ.

ಹುತ್ತರಿ ದಾಟಿಸಿ ಆಡೋಣ ಅಂತ ಯಾರಾದರೂ ಹೇಳಿದರೆ ಕಾಫಿ ನೆನಪಿಸಿ. ಅರೇಬಿಕಾ ಕೊಯ್ಲು ಜೋರಾಗುವ ಹೊತ್ತು ಅದು, ಬೆನ್ನಿಗೇ ರೋಬಸ್ಟಾ. ತೋಟದ ಮನೆಯ ಹುಡುಗಿಯೂ ಬರುವುದಿಲ್ಲ, ಕೊಯ್ಲಿಗೆ ಹೋಗುವವಳೂ ಬರುವುದಿಲ್ಲ. ಬಂದವರನ್ನೇ ಕಟ್ಟಿಕೊಂಡು ಏಳು ಮಂದಿಯ ತಂಡ ಆಡಿಸಬೇಕಾಗುತ್ತದೆ. ಏಪ್ರಿಲ್, ಮೇ ತಿಂಗಳು ಕೊಡವ ಕುಟುಂಬಗಳ ಹಾಕಿಯದು. 1997ರಲ್ಲಿ ಕರಡದಲ್ಲಿ ಆರಂಭವಾದ ಆ ಹಬ್ಬದ ಎದುರು ಹೊಸ ಆಟ ನಿಲ್ಲಿಸಿ ಗೆಲ್ಲಲು ಆಗದು, ಗೆಲ್ಲುವ ಅಗತ್ಯವೂ ಇಲ್ಲ. ಅಕ್ಟೋಬರ್‌ನಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಳೆ ಸಾಮಾನ್ಯ. ಪಂದ್ಯ ಬೆಳಿಗ್ಗೆ ಒಂಬತ್ತಕ್ಕೆ ಇಡಿ. ಅದಕ್ಕೂ ಮುಂಚೆ ಇಬ್ಬನಿಗೆ ಚೆಂಡು ಕೈಯಿಂದ ಜಾರುತ್ತದೆ.

ಪ್ರಶ್ನೆ: ನಮ್ಮ ಶಾಲೆಯ ಮೈದಾನ ಚೌಕ. ಫೂಟಿಗೆ ಮೊಟ್ಟೆಯಾಕಾರ ಬೇಕಂತೆ. ಗುರುತು ಹಾಕುವುದು ಹೇಗೆ? ಕಂಬ ಎಷ್ಟು, ಎಲ್ಲಿ?
– ದೈಹಿಕ ಶಿಕ್ಷಕರು, ಪೊನ್ನಂಪೇಟೆ

ಉತ್ತರ: ಪೂರ್ಣ ಅಳತೆಯ ಮೈದಾನ 135ರಿಂದ 185 ಮೀಟರ್ ಉದ್ದ, 110ರಿಂದ 155 ಮೀಟರ್ ಅಗಲ. ಕೊಡಗಿನ ಗುಡ್ಡಗಳ ನಡುವೆ ಅಷ್ಟು ಸಮತಟ್ಟು ನೆಲ ಹುಡುಕುತ್ತಾ ಕೂತರೆ ಆಟ ಶುರುವಾಗುವುದಿಲ್ಲ. ಒಂಬತ್ತು ಮಂದಿಯ ಆಟವನ್ನು ಚೌಕದಲ್ಲೇ ಆಡಬಹುದು, ತಪ್ಪಿಲ್ಲ. ಆದರೂ ಮೊಟ್ಟೆಯಾಕಾರ ಹಾಕುವುದೇ ಒಳ್ಳೆಯದು, ಏಕೆಂದರೆ ಮೂಲೆ ಇದ್ದರೆ ಹೊಸಬರೆಲ್ಲ ಚೆಂಡು ಹಿಡಿದು ಮೂಲೆಗೆ ಓಡಿ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ.

ನಿಮಗೆ ಬೇಕಾದ್ದು ಎರಡು ಗೂಟ, ಒಂದು ಹಗ್ಗ. 100 ಮೀಟರ್ ಉದ್ದ, 60 ಮೀಟರ್ ಅಗಲದ ಅಂಗಳಕ್ಕೆ ಮೈದಾನದ ನಡುಬಿಂದುವಿನಿಂದ ಉದ್ದದ ಕಡೆಗೆ ಆಚೆ 40, ಈಚೆ 40 ಮೀಟರ್‌ನಲ್ಲಿ ಗೂಟ ಹೊಡೆಯಿರಿ. ಸರಿಯಾಗಿ 100 ಮೀಟರ್ ಹಗ್ಗದ ಎರಡು ತುದಿಗಳನ್ನು ಎರಡು ಗೂಟಗಳಿಗೆ ಕಟ್ಟಿ. ಗಂಟಿಗೆ ಹೋಗುವ ಹಗ್ಗ ಲೆಕ್ಕಕ್ಕಿಲ್ಲ. ಈಗ ಹಗ್ಗವನ್ನು ಒಬ್ಬರು ಹೊರಕ್ಕೆ ಬಿಗಿಯಾಗಿ ಎಳೆದು ಹಿಡಿದು ಸುತ್ತ ನಡೆದರೆ ಅವರ ಕೈ ಹೋದ ದಾರಿಯೇ ಗಡಿ. ಹಿಂದೆ ಇನ್ನೊಬ್ಬರು ಎರಡು ಮೀಟರಿಗೊಂದು ಕಡ್ಡಿ ಚುಚ್ಚುತ್ತಾ ಬರಲಿ, ಗೆರೆ ಆಮೇಲೆ ಎಳೆಯಿರಿ. ನೈಲಾನ್ ಹಗ್ಗ ಹಿಗ್ಗುತ್ತದೆ. ಅರ್ಧ ಸುತ್ತಿನ ಹೊತ್ತಿಗೆ ಗಡಿ ಒಂದು ಮೀಟರ್ ಹೊರಗೆ ಹೋಗಿರುತ್ತದೆ. ಕಾಫಿ ಮೂಟೆ ಕಟ್ಟುವ ಗಟ್ಟಿ ಹಗ್ಗವೋ ತೆಂಗಿನ ನಾರಿನ ಹಗ್ಗವೋ ಆಗಬಹುದು, ಒಣಗಿರಬೇಕು ಅಷ್ಟೇ. ಹಾಕಿ ಮೈದಾನ ಮಾತ್ರ ಸಿಕ್ಕಿದರೆ 80ಕ್ಕೆ 48ರ ಅಂಗಳ ಮಾಡಿ: ಗೂಟ ನಡುವಿನಿಂದ 32 ಮೀಟರ್, ಹಗ್ಗ 80. ಗಡಿಯಾಚೆ ಕನಿಷ್ಠ ಮೂರು ಮೀಟರ್ ಖಾಲಿ ಬಿಡಿ. ಮುಳ್ಳುತಂತಿ ಬೇಲಿ ಇರುವ ಕಡೆ ಐದು.

ಗುರುತಿಗೆ ಸುಣ್ಣದ ಪುಡಿ ಹಾಕಬೇಡಿ. ಫೂಟಿಯಲ್ಲಿ ಮುಖ ನೆಲಕ್ಕೆ ತಾಗುವುದು ಮಾಮೂಲು, ಕಣ್ಣಿಗೆ ಸುಣ್ಣ ಬಿದ್ದರೆ ಸುಟ್ಟುಹೋಗುತ್ತದೆ. ಚಾಕ್ ಪುಡಿ ಬಳಸಿ.

ಪ್ರತಿ ತುದಿಯಲ್ಲಿ ನಾಲ್ಕು ಕಂಬ. ಒಂದಕ್ಕೂ ಇನ್ನೊಂದಕ್ಕೂ 6.4 ಮೀಟರ್, ಹಾಗಾಗಿ ಒಟ್ಟು 19.2. ನಡುವಿನ ಎರಡು ಗೋಲ್ ಕಂಬ, ಕನಿಷ್ಠ 6 ಮೀಟರ್ ಎತ್ತರ. ಅಕ್ಕಪಕ್ಕದ ಎರಡು ಬಿಹೈಂಡ್ (ಒಂದು ಅಂಕದ) ಕಂಬ, ಕನಿಷ್ಠ 3 ಮೀಟರ್. ಅಡ್ಡಪಟ್ಟಿ ಇಲ್ಲ. ತೋಟದಲ್ಲಿ ನೇರವಾಗಿ ಬೆಳೆದ ಸಿಲ್ವರ್ ಓಕ್ ಎಳೆ ಮರವೋ ಬಿದಿರೋ ಸಾಕು. ನೆಲದೊಳಗೆ ಮುಕ್ಕಾಲು ಮೀಟರ್ ಹೋಗಬೇಕು. ಅಡಿಕೆ ಮರ ಸಿಗುವುದು ಸುಲಭ, ಆದರೆ ಒಂದು ಮಳೆಗಾಲ ನೆನೆದರೆ ಬುಡ ಕೊಳೆಯುತ್ತದೆ, ಹೊರಗೆ ಗಟ್ಟಿಯಾಗೇ ಕಾಣುತ್ತದೆ. ಪ್ರತಿ ಪಂದ್ಯಕ್ಕೆ ಮುಂಚೆ ಭುಜ ಕೊಟ್ಟು ಅಲ್ಲಾಡಿಸಿ ನೋಡಿ. ಹಳೆಯ ಹಾಸಿಗೆಯ ಫೋಮ್ ಸುತ್ತಿ ಎರಡೂವರೆ ಮೀಟರ್ ಎತ್ತರಕ್ಕೆ ಟಾರ್ಪಾಲಿನಲ್ಲಿ ಬಿಗಿಯಿರಿ. ಮೇಲೆ ನೋಡುತ್ತಾ ಓಡುವವಳಿಗೆ ಕಂಬ ಕಾಣುವುದಿಲ್ಲ.

ಪ್ರಶ್ನೆ: ಎಷ್ಟು ಒದ್ದರೂ ಚೆಂಡು ಹೋಗಬೇಕಾದ ಕಡೆ ಹೋಗುತ್ತಿಲ್ಲ. ಫ್ಯಾನಿನ ಹಾಗೆ ಅಡ್ಡ ತಿರುಗಿ ಎಲ್ಲೋ ಬೀಳುತ್ತದೆ. ಕೈಯಿಂದ ಕೊಟ್ಟರೆ ‘ಥ್ರೋ’ ಅಂತ ಅಂಪೈರ್ ಸೀಟಿ ಊದುತ್ತಾರೆ. ಹಾಕಿ ಆಡಿದವರಿಗೆ ಇದು ಒಗ್ಗುವುದೇ ಇಲ್ಲವೇ?
– ನಾಪೋಕ್ಲಿನ ಓದುಗಿಯರು

ಉತ್ತರ: ಒಗ್ಗುತ್ತದೆ, ಬೇರೆ ಆಟದವರಿಗಿಂತ ಬೇಗ. ಫೂಟಿಯಲ್ಲಿ ಆಫ್‌ಸೈಡ್ ಇಲ್ಲ, ಹಾಕಿಯಲ್ಲೂ ಇಲ್ಲ. ಚೆಂಡಿಗಿಂತ ಮುಂದೆ ಓಡಿ ಖಾಲಿ ಜಾಗ ಹಿಡಿಯುವ ಅಭ್ಯಾಸ ನಿಮಗಿದೆ. ಬಗ್ಗಿ ನೆಲದ ಚೆಂಡು ಎತ್ತುವುದೂ ಕಷ್ಟವಾಗದು. ಕೊರತೆ ಇರುವುದು ಒದೆತ, ಹಿಡಿತ ಎರಡರಲ್ಲೇ.

ಚೆಂಡು ಅಡ್ಡ ತಿರುಗಿದರೆ ತಪ್ಪು ಕಾಲಿನದ್ದಲ್ಲ, ಕೈಯದು. ಬಹುತೇಕ ಹೊಸಬರು ಚೆಂಡನ್ನು ಮೇಲಕ್ಕೆ ಎಸೆದು ಒದೆಯುತ್ತಾರೆ. ಎಸೆದ ಚೆಂಡು ಗಾಳಿಯಲ್ಲಿ ವಾಲುತ್ತದೆ, ವಾಲಿದ ಚೆಂಡಿಗೆ ಎಷ್ಟು ನೇರ ಒದ್ದರೂ ಅಡ್ಡವೇ. ಕ್ರಮ ಹೀಗೆ. ಚೆಂಡಿನ ಲೇಸ್ ನಿಮ್ಮ ಮುಂದಕ್ಕೆ, ಅಂದರೆ ಗುರಿಯ ಕಡೆಗೆ ಇರಲಿ. ಎರಡೂ ಅಂಗೈ ಚೆಂಡಿನ ಎರಡು ಪಕ್ಕ, ಬೆರಳು ಹರಡಿ. ಚೆಂಡು ನಿಂತಿರಬೇಕು, ಮೇಲಿನ ಮೊನೆ ಸ್ವಲ್ಪ ನಿಮ್ಮ ಹೊಟ್ಟೆಯ ಕಡೆ ವಾಲಿರಲಿ. ಬಲಗಾಲಿನವರು ಎಡಗೈ ಮೊದಲು ಬಿಡಿ. ಬಲಗೈ ಚೆಂಡನ್ನು ಸೊಂಟದ ಕೆಳಗಿನವರೆಗೆ ಇಳಿಸಿಕೊಂಡು ಹೋಗಿ ಬಲ ತೊಡೆಯ ನೇರದಲ್ಲಿ ಬಿಡಲಿ. ಬಿಟ್ಟ ಜಾಗದಿಂದ ಪಾದಕ್ಕೆ ಅಂತರ ಕಡಿಮೆ ಇದ್ದಷ್ಟೂ ತಪ್ಪು ಕಡಿಮೆ. ಕಾಲ್ಬೆರಳು ಮುಂದಕ್ಕೆ ಚಾಚಿ ಪಾದ ಬಿಗಿ ಹಿಡಿದು, ಶೂ ಲೇಸಿನ ಭಾಗ ಚೆಂಡಿನ ಕೆಳಮೊನೆಗೆ ತಾಗಬೇಕು. ಸರಿಯಾದ ಒದೆತದಲ್ಲಿ ಚೆಂಡು ಹಿಮ್ಮುಖವಾಗಿ ಪಲ್ಟಿ ಹೊಡೆಯುತ್ತಾ ಹೋಗುತ್ತದೆ.

ಒದೆಯುವ ಮುಂಚೆ ಇದನ್ನು ಮಾಡಿ: ಗಟ್ಟಿ ನೆಲದ ಮೇಲೆ ನಿಂತು ಚೆಂಡನ್ನು ಇದೇ ರೀತಿ ಬರೀ ಬಿಡಿ. ಮೊನೆಯ ಮೇಲೆ ಬಿದ್ದು ನಿಮ್ಮ ಕೈಗೇ ಪುಟಿದು ಬಂದರೆ ಬಿಡುವುದು ಸರಿಯಿದೆ. ಪಕ್ಕಕ್ಕೆ ಓಡಿದರೆ ಇನ್ನೂ ಒದೆಯುವ ಹೊತ್ತು ಬಂದಿಲ್ಲ. ಕಾಫಿ ಒಣಗಿಸುವ ಕಣ ಇದಕ್ಕೆ ಹೇಳಿಮಾಡಿಸಿದ ಜಾಗ, ಕಾಫಿ ಇಲ್ಲದ ತಿಂಗಳಲ್ಲಿ. ಆಮೇಲೆ ಇಬ್ಬಿಬ್ಬರು ಹತ್ತು ಮೀಟರ್ ದೂರ ನಿಂತು ಆಚೆಯವಳ ಎದೆಗೆ ಒದೆಯಿರಿ. ಇಪ್ಪತ್ತಕ್ಕೆ ಹದಿನೈದು ಎದೆಗೆ ಹೋಗುವವರೆಗೆ ದೂರ ಹೆಚ್ಚಿಸಬೇಡಿ. ದೂರ ಒದೆಯುವ ಪೈಪೋಟಿ ಶುರುವಾದ ದಿನ ಎಲ್ಲರೂ ಮತ್ತೆ ಚೆಂಡು ಎಸೆಯತೊಡಗುತ್ತಾರೆ.

ಹ್ಯಾಂಡ್‌ಬಾಲ್: ಒಂದು ಅಂಗೈ ಮೇಲೆ ಚೆಂಡು, ಇನ್ನೊಂದು ಕೈ ಮುಷ್ಟಿ. ಹೆಬ್ಬೆರಳು ಮುಷ್ಟಿಯ ಹೊರಗಿರಲಿ, ಒಳಗಿಟ್ಟರೆ ಮುರಿಯುತ್ತದೆ. ಹೆಬ್ಬೆರಳು, ತೋರುಬೆರಳು ಸೇರಿದ ಚಪ್ಪಟೆ ಭಾಗದಿಂದ ಚೆಂಡಿನ ಹಿಂದಿನ ಕೆಳಭಾಗಕ್ಕೆ ಗುದ್ದಿ. ಚೆಂಡು ಹೊತ್ತ ಅಂಗೈ ಅಲುಗಬಾರದು. ಆ ಕೈ ಮೇಲೆದ್ದರೆ, ಅಥವಾ ಗುದ್ದಿಗೆ ಮುಂಚೆಯೇ ಚೆಂಡು ಬಿಟ್ಟರೆ ಅದೇ ಥ್ರೋ. ನಿಮ್ಮ ಅಂಪೈರ್ ಸರಿಯಾಗೇ ಊದಿದ್ದಾರೆ.

ಹಿಡಿತದ ಬಗ್ಗೆ ಒಂದು ಎಚ್ಚರಿಕೆ. 15 ಮೀಟರ್ ದಾಟಿ ಬಂದ ಒದೆತವನ್ನು ನೆಲ ಮುಟ್ಟದೆ ಹಿಡಿದರೆ ‘ಮಾರ್ಕ್’, ಆಗ ಅಡ್ಡಿಯಿಲ್ಲದೆ ಒದೆಯುವ ಅವಕಾಶ. ಹಾಗಾಗಿ ಎಲ್ಲರೂ ಕೈ ಚಾಚುತ್ತಾರೆ. ಬೆರಳ ತುದಿ ಚೆಂಡಿನ ಕಡೆ ನೆಟ್ಟಗಿದ್ದರೆ ಗೆಣ್ಣು ಜಖಂ ಆಗುತ್ತದೆ. ಬೆರಳು ಮೇಲ್ಮುಖ, ಅಂಗೈ ಚೆಂಡಿಗೆ, ಎರಡು ಹೆಬ್ಬೆರಳು ಹತ್ತಿರ. ಚೆಂಡು ಒದ್ದೆಯಿದ್ದರೆ ಕೈಯ ಚಂದ ಬೇಡ, ಎದೆಗೆ ಅಪ್ಪಿಕೊಳ್ಳಿ. ಬೆರಳಿನ ತುದಿ ಜೋತುಬಿದ್ದು ತಾನಾಗಿ ನೆಟ್ಟಗಾಗದಿದ್ದರೆ ಅದು ಸ್ನಾಯುರಜ್ಜು ಹರಿದ ಲಕ್ಷಣ. ಎಳೆದು ‘ಸರಿಮಾಡುವ’ ಕೆಲಸ ಬೇಡ. ಪಟ್ಟಿ ಕಟ್ಟಿಸಿಕೊಳ್ಳಲು ಡಾಕ್ಟರ ಬಳಿ ಹೋಗಿ.

ಪ್ರಶ್ನೆ: ರಗ್ಬಿ ಚೆಂಡಿನಲ್ಲಿ ಅಭ್ಯಾಸ ಮಾಡಬಹುದೇ? ಒದ್ದೆಯಾದ ಚರ್ಮದ ಚೆಂಡನ್ನು ಒಲೆಯ ಪಕ್ಕ ಇಟ್ಟರೆ ಸರಿಯೇ?
– ಕುಶಾಲನಗರ

ಉತ್ತರ: ಎರಡೂ ಬೇಡ. ರಗ್ಬಿ ಚೆಂಡು ಇನ್ನಷ್ಟು ದಪ್ಪ, ಅದರಲ್ಲಿ ಕಲಿತ ಬಿಡುವಿಕೆ ಇದಕ್ಕೆ ಹೊಂದುವುದಿಲ್ಲ. ಮಹಿಳೆಯರ ಆಟಕ್ಕೆ 4ನೇ ಸೈಜ್ ಕೇಳಿ, 5 ಗಂಡಸರದು. ಕೊಡಗಿನ ಇಬ್ಬನಿಗೆ, ಮಳೆಗೆ ಅಭ್ಯಾಸಕ್ಕೆ ಸಿಂಥೆಟಿಕ್ ಚೆಂಡೇ ವಾಸಿ, ಚರ್ಮದ್ದನ್ನು ಪಂದ್ಯಕ್ಕೆ ಉಳಿಸಿ. ಒಲೆ, ಹೊಗೆ, ಬಿಸಿಲು ಮೂರೂ ಚರ್ಮವನ್ನು ಬಿರುಸು ಮಾಡಿ ಹೊಲಿಗೆ ಬಿಡಿಸುತ್ತವೆ. ಕೆಸರು ಒರೆಸಿ, ಗಾಳಿಯಾಡುವ ನೆರಳಲ್ಲಿಡಿ. ಗಾಳಿಯ ಒತ್ತಡ 62ರಿಂದ 76 ಕಿಲೋಪ್ಯಾಸ್ಕಲ್, ಅಂದರೆ ಸೈಕಲ್ ಅಂಗಡಿಯ ಮೀಟರಿನಲ್ಲಿ 9ರಿಂದ 11 ಪಿಎಸ್‌ಐ. ಅಂಗಡಿಯವರ ಕೈಗೆ ಬಿಟ್ಟರೆ ಕಲ್ಲಾಗುವಷ್ಟು ತುಂಬಿಸುತ್ತಾರೆ, ಮೀಟರ್ ನೀವೇ ನೋಡಿ.

ಪ್ರಶ್ನೆ: ಚೆಂಡು ಗಡಿ ದಾಟಿ ಕಾಡಿಗೆ ಹೋದರೆ ತರಲು ಹೋದವಳ ಕಾಲಿಗೆ ಜಿಗಣೆ. ರಕ್ತ ನಿಲ್ಲುವುದಿಲ್ಲ. ರಕ್ತ ಬಂದರೆ ಆಡುವಂತಿಲ್ಲ ಅಂತ ಎದುರಾಳಿ ತಂಡದವರ ತಕರಾರು. ಜಿಗಣೆಗೂ ಈ ನಿಯಮವೇ?
– ಭಾಗಮಂಡಲ

ಉತ್ತರ: ಜಿಗಣೆಗೂ ಅದೇ. ರಕ್ತ ಒಸರುತ್ತಿರುವ ಆಟಗಾರ್ತಿ ಹೊರಗೆ ಹೋಗಬೇಕು. ನಿಂತ ಮೇಲೆ, ಗಾಯ ಮುಚ್ಚಿದ ಮೇಲೆ, ರಕ್ತ ತಾಗಿದ ಜೆರ್ಸಿ ಬದಲಿಸಿದ ಮೇಲೆ ಒಳಗೆ. ಅವಳ ಬದಲು ಬೆಂಚಿನಿಂದ ಇನ್ನೊಬ್ಬಳು ಇಳಿಯಬಹುದು. ಜಿಗಣೆ ಕಚ್ಚುವಾಗ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಸ್ತುವನ್ನು ಗಾಯಕ್ಕೆ ಬಿಡುತ್ತದೆ, ಅದಕ್ಕೇ ಸಣ್ಣ ಗಾಯವೂ ಗಂಟೆಗಟ್ಟಲೆ ಒಸರುತ್ತದೆ. ಮೊದಲು ನೀರಿನಲ್ಲಿ ತೊಳೆಯಿರಿ, ಹತ್ತಿಯುಂಡೆ ಒತ್ತಿ ಹದಿನೈದು ನಿಮಿಷ ನಡುವೆ ತೆಗೆದು ನೋಡದೆ ಹಿಡಿಯಿರಿ, ಮೇಲೆ ಬಿಗಿ ಪಟ್ಟಿ. ಕಚ್ಚಿಕೊಂಡದ್ದನ್ನು ಉಗುರಿನಿಂದ ಬಾಯಿಯ ಕಡೆ ಜಾರಿಸಿ ಬಿಡಿಸಿ. ಮೈದಾನಕ್ಕೆ ಉಪ್ಪು ಚೆಲ್ಲಬೇಡಿ, ಜಿಗಣೆಗಿಂತ ಮೊದಲು ಹುಲ್ಲು ಸಾಯುತ್ತದೆ. ಗಡಿಯಾಚೆಯ ಪೊದೆ ಸವರಿಸಿ, ಚೆಂಡು ಹೆಕ್ಕಲು ಗಂಬೂಟು ತೊಟ್ಟ ಒಬ್ಬರನ್ನು ನೇಮಿಸಿ. ಹಾಗೂ ಎರಡನೇ ಚೆಂಡು ಇಟ್ಟುಕೊಳ್ಳಿ.

ಪ್ರಶ್ನೆ: ನಮ್ಮ ತಂಡ 6 ಗೋಲ್ ಹೊಡೆದಿತ್ತು, ಅವರು 5. ಆದರೂ ನಾವು ಸೋತೆವು ಅಂತ ಬರೆದಿದ್ದಾರೆ. ಇದು ಯಾವ ನ್ಯಾಯ?
– ಸುಂಟಿಕೊಪ್ಪ

ಉತ್ತರ: ಗೋಲಿಗೆ 6 ಅಂಕ. ಚೆಂಡು ಗೋಲ್ ಕಂಬಕ್ಕೂ ಬಿಹೈಂಡ್ ಕಂಬಕ್ಕೂ ನಡುವೆ ದಾಟಿದರೆ, ಗೋಲ್ ಕಂಬಕ್ಕೆ ತಾಗಿದರೆ, ಯಾರದಾದರೂ ಕೈ ತಾಗಿ ಗೋಲ್ ದಾಟಿದರೆ ಬಿಹೈಂಡ್, 1 ಅಂಕ. ನೀವು ಕಳಿಸಿದ ಚೀಟಿಯ ಪ್ರಕಾರ ನಿಮ್ಮದು 6.2, ಅಂದರೆ 38. ಅವರದು 5.9, ಅಂದರೆ 39. ನ್ಯಾಯವೇ. ಆ ಚುಕ್ಕಿ ದಶಮಾಂಶದ್ದಲ್ಲ. ಎಡಕ್ಕೆ ಗೋಲ್, ಬಲಕ್ಕೆ ಬಿಹೈಂಡ್.

ತಂಡಗಳ ಅಂಕಪಟ್ಟಿಯಲ್ಲಿ ಗೆಲುವಿಗೆ 4, ಸಮಕ್ಕೆ 2. ಸಮಾನರಾದರೆ ಹೊಡೆದ ಒಟ್ಟು ಅಂಕವನ್ನು ಬಿಟ್ಟುಕೊಟ್ಟ ಒಟ್ಟು ಅಂಕದಿಂದ ಭಾಗಿಸಿ ನೂರರಿಂದ ಗುಣಿಸಿ. 186 ಹೊಡೆದು 155 ಬಿಟ್ಟುಕೊಟ್ಟರೆ 120. ಇದು ವ್ಯತ್ಯಾಸವಲ್ಲ, ಅನುಪಾತ; ಹಾಗಾಗಿ ಕಡಿಮೆ ಅಂಕದ ಬಿಗಿ ಪಂದ್ಯಗಳಿಗೂ ಬೆಲೆಯಿದೆ. ಕೊನೆಯ ಸುತ್ತಿಗೆ ಮುಂಚೆ ಈ ಲೆಕ್ಕ ಎಲ್ಲ ತಂಡಕ್ಕೂ ತಿಳಿಸಿರಿ, ಜಗಳ ಅರ್ಧ ಕಡಿಮೆಯಾಗುತ್ತದೆ.

ಪ್ರಶ್ನೆ: ಮದುವೆಯಾದವರೂ ಆಡುತ್ತೇವೆ. ಕರ್ತಮಣಿ ಪತ್ತಾಕ್ (ಕೊಡವರ ಮಾಂಗಲ್ಯ), ತಾಳಿ ತೆಗೆಯಲು ಮನೆಯಲ್ಲಿ ಒಪ್ಪುವುದಿಲ್ಲ. ಒಳಗೆ ಸಿಕ್ಕಿಸಿಕೊಂಡರೆ ಆಗದೇ?
– ವಿರಾಜಪೇಟೆ

ಉತ್ತರ: ಆಗದು. ಜೆರ್ಸಿ ಎಳೆದಾಗ ಸರವೂ ಎಳೆಯುತ್ತದೆ, ಕುತ್ತಿಗೆ ಕುಯ್ಯುತ್ತದೆ. ಮೂಗುತಿ, ಓಲೆ, ಕಾಲುಂಗುರ, ಬಳೆ ಎಲ್ಲಕ್ಕೂ ಇದೇ ಮಾತು. ಪ್ರತಿಯೊಬ್ಬರಿಗೂ ಹೆಸರು ಬರೆದ ಜಿಪ್ ಚೀಲ, ಅದನ್ನು ಕಾಯಲು ಆಡದ ಒಬ್ಬ ಹಿರಿಯ ಅಕ್ಕ. ಮನೆಯವರಿಗೆ ಆ ಅಕ್ಕನೇ ಮಾತಾಡಲಿ, ತಂಡದ ನಾಯಕಿಯಲ್ಲ.

ಪ್ರಶ್ನೆ: ಮಗಳು ಮುಂದಿನ ವರ್ಷ ಹಿಡಿದು ಕೆಡವುವ ಪೂರ್ಣ ಆಟ ಆಡುತ್ತಾಳಂತೆ. ಈ ಆಟದಲ್ಲಿ ಹುಡುಗಿಯರ ಮಂಡಿ ಹೋಗುತ್ತದೆ ಅಂತ ಕೇಳಿದ್ದೇನೆ. ನಿಜವೇ? ಬೇಡ ಅನ್ನಲೇ?
– ತಾಯಿ, ಮಡಿಕೇರಿ

ಉತ್ತರ: ಭಯ ಸುಮ್ಮನೆ ಹುಟ್ಟಿದ್ದಲ್ಲ. ಮಂಡಿಯೊಳಗಿನ ಎಸಿಎಲ್ ಎಂಬ ಅಸ್ಥಿಬಂಧ ಹರಿಯುವುದು ಇಂಥ ಆಟಗಳಲ್ಲಿ ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಅಡಿಲೇಡ್ ತಂಡದ ಎರಿನ್ ಫಿಲಿಪ್ಸ್‌ಗೆ 2019ರ ಫೈನಲ್‌ನಲ್ಲಿ, 53,034 ಪ್ರೇಕ್ಷಕರ ಎದುರು, ಆದದ್ದು ಇದೇ. ಆದರೆ ಇದು ಹೆಚ್ಚಾಗಿ ಆಗುವುದು ಇನ್ನೊಬ್ಬರು ಬಂದು ಗುದ್ದಿದಾಗಲ್ಲ. ಓಡುತ್ತಾ ತಟ್ಟನೆ ದಿಕ್ಕು ಬದಲಿಸಿದಾಗ, ಹಾರಿ ಒಂಟಿ ಕಾಲಲ್ಲಿ ಇಳಿದು ಮಂಡಿ ಒಳಕ್ಕೆ ಮಡಚಿದಾಗ. ಹಾಗಾದ್ದರಿಂದ ಅಭ್ಯಾಸದಿಂದ ತಗ್ಗಿಸಬಹುದು. ಬೇಡ ಅನ್ನುವ ಬದಲು ತಂಡದ ಕೋಚ್‌ಗೆ ಈ ಪ್ರಶ್ನೆ ಕೇಳಿ: ಪ್ರತಿ ಅಭ್ಯಾಸಕ್ಕೆ ಮುಂಚೆ ಹದಿನೈದು-ಇಪ್ಪತ್ತು ನಿಮಿಷ ಏನು ಮಾಡಿಸುತ್ತೀರಿ?

ಸರಿಯಾದ ಉತ್ತರದಲ್ಲಿ ಇವು ಇರಬೇಕು: ನಿಧಾನ ಓಟ, ಒಂದು ಕಾಲು ಮುಂದಿಟ್ಟು ಕುಳಿತೇಳುವುದು, ಒಂಟಿ ಕಾಲಲ್ಲಿ ನಿಂತು ಚೆಂಡು ಹಿಡಿಯುವುದು, ಮಂಡಿಯೂರಿ, ಗೆಳತಿ ಹಿಮ್ಮಡಿ ಒತ್ತಿ ಹಿಡಿದಿರುವಾಗ ಬೆನ್ನು ನೇರವಿಟ್ಟು ಮುಂದಕ್ಕೆ ವಾಲುವುದು, ಹಾರಿ ಇಳಿಯುವುದು. ಇಳಿಯುವಾಗ ಸೊಂಟ, ಮಂಡಿ ಬಾಗಿ, ಮಂಡಿ ಪಾದದ ನೇರದಲ್ಲೇ ನಿಲ್ಲಬೇಕು. ಸದ್ದಾಗದಂತೆ ಇಳಿಯಿರಿ ಅಂದರೆ ಹುಡುಗಿಯರಿಗೆ ಬೇಗ ಅರ್ಥವಾಗುತ್ತದೆ. ಇದನ್ನು ಮಳೆ ಬಂತೆಂದು, ಅಂಪೈರ್ ಕಾಯುತ್ತಿದ್ದಾರೆಂದು ಬಿಡುವ ಕೋಚ್ ಇದ್ದರೆ ಆಗ ಬೇಡ ಅನ್ನಿ. ಕೆಸರುಗದ್ದೆ ಕ್ರೀಡಾಕೂಟ ಮೋಜಿಗೆ ಸರಿ, ಫೂಟಿಯ ಅಭ್ಯಾಸಕ್ಕಲ್ಲ. ಪಾದ ಹೂತು ಮೈ ತಿರುಗಿದರೆ ಮಂಡಿಗೇ ಪೆಟ್ಟು. ಕೊಯ್ಲಾದ ಗದ್ದೆಯೂ ಬೇಡ, ಕೂಳೆ, ಬಿರುಕು ಎರಡೂ ಕಾಲು ಉಳುಕಿಸುತ್ತವೆ.

ಕೆಡವುವುದನ್ನು ಕಲಿಸುವ ಕ್ರಮವನ್ನೂ ಕೇಳಿ. ಮೊದಲು ಇಬ್ಬರೂ ಮಂಡಿಯೂರಿ, ಆಮೇಲೆ ನಿಂತು, ಆಮೇಲೆ ನಡೆಯುತ್ತಾ, ಕೊನೆಗೆ ಓಡುತ್ತಾ. ಹಿಡಿಯುವುದು ಭುಜದ ಕೆಳಗೆ, ಮಂಡಿಯ ಮೇಲೆ. ಹಿಡಿಯುವವಳ ತಲೆ ಎದುರಾಳಿಯ ದೇಹದ ಮುಂದೆ ಸಿಕ್ಕದೆ ಪಕ್ಕಕ್ಕಿರಬೇಕು. ಎದುರಾಳಿಯ ಎರಡೂ ಕೈ ಕಟ್ಟಿಹಿಡಿದು ಅವಳನ್ನು ಸುತ್ತಿ ಎಸೆಯುವುದು ನಿಷಿದ್ಧ. ಬಾಯಿಗೆ ಮೌತ್‌ಗಾರ್ಡ್ ಇಲ್ಲದೆ ಇಳಿಸಕೂಡದು.

ಮಂಡಿಯಲ್ಲಿ ‘ಟಪ್’ ಎಂದು ಕೇಳಿಸಿ ಕೆಲವೇ ಗಂಟೆಯಲ್ಲಿ ಊದಿಕೊಂಡರೆ ಉಳುಕು ತೆಗೆಸಲು ಕರೆದೊಯ್ಯಬೇಡಿ. ಮೊದಲ ಮೂರು ದಿನ ಎಣ್ಣೆ ಉಜ್ಜುವುದು, ಶಾಖ ಕೊಡುವುದು ಊತ ಹೆಚ್ಚಿಸುತ್ತದೆ. ಬಟ್ಟೆ ಸುತ್ತಿದ ಮಂಜುಗಡ್ಡೆ, ಬಿಗಿ ಪಟ್ಟಿ, ಕಾಲು ಎತ್ತರಕ್ಕೆ, ಮೂಳೆ ತಜ್ಞರ ಭೇಟಿ. ಎಸಿಎಲ್ ಆಪರೇಷನ್ ಆದವಳು ಒಂಬತ್ತು ತಿಂಗಳಿಗೆ ಮುಂಚೆ ಆಟಕ್ಕೆ ಮರಳಬಾರದು, ನೋವು ಇಲ್ಲದಿದ್ದರೂ. ತಲೆಗೆ ಪೆಟ್ಟಾಗಿ ಮಂಕಾದರೆ, ವಾಂತಿ ಬಂದರೆ, ಯಾವ ಕ್ವಾರ್ಟರ್ ಎಂದು ಮರೆತರೆ ಅವತ್ತಿನ ಆಟ ಮುಗಿಯಿತು. ಆಸ್ಟ್ರೇಲಿಯಾದ ಸ್ಥಳೀಯ ಕ್ಲಬ್‌ಗಳಲ್ಲಿ ಕನಿಷ್ಠ 21 ದಿನ ಪಂದ್ಯವಿಲ್ಲ. ನಿಮ್ಮ ಏಳು ವಾರದ ಸೀಸನ್‌ನಲ್ಲಿ ಅದು ಅರ್ಧದಷ್ಟಾಗುತ್ತದೆ, ಆದರೂ ಅದೇ ಲೆಕ್ಕ.

ಪ್ರಶ್ನೆ: ಮಹಿಳಾ ಲೀಗ್‌ನಲ್ಲಿ ಈಗ ಎಷ್ಟು ತಂಡ? ಮೊದಲ ಚಾಂಪಿಯನ್ ಯಾರು?
– ಸಿದ್ದಾಪುರ

ಉತ್ತರ: 2017ರಲ್ಲಿ 8 ತಂಡ, ಈಗ 18. ಮೊದಲ ಚಾಂಪಿಯನ್ ಅಡಿಲೇಡ್. 2020ರಲ್ಲಿ ಕೋವಿಡ್‌ನಿಂದ ಸೀಸನ್ ನಡುವೆ ನಿಂತು ಚಾಂಪಿಯನ್ ಪಟ್ಟ ಯಾರಿಗೂ ಸಿಗಲಿಲ್ಲ. ಮೊದಲ ಎಂಟು ಸ್ಥಾನದವರು ಫೈನಲ್ಸ್ ಸುತ್ತಿಗೆ ಹೋಗುತ್ತಾರೆ.